ಹಡಗಿನ ಆವಿ ಹೋಸು

ಬರಿದಾದ ಬಾಟಲಿಯೊಂದರ ಬಾಯಿಗೆ ಆಲಿಕೆ ಇಟ್ಟು ನೀರು ಹೊಯ್ಯಿರಿ. ನೀರು ಸರಾಗವಾಗಿ ಇಳಿಯುತ್ತದೆ. ಈಗ ಆಲಿಕೆಯ ಸುತ್ತಲಿನ ಸಂದಿಯನ್ನು ಕಲಸಿದ ಮೈದಾಹಿಟ್ಟಿನಿಂದಲೋ ಹಸಿ ಜೇಡಿಮಣ್ಣಿನಿಂದಲೋ ಗಾಳಿಯಾಡದಂತೆ ಮುಚ್ಚಿ ಮತ್ತೆ ಹೊಯ್ಯಿರಿ. ತುಸು ನೀರು ಇಳಿದು ಅಲ್ಲಿಗೇ ನಿಂತುಬಿಡುತ್ತದೆ. ಆ ಮೆತ್ತಿದ ಹಿಟ್ಟಿನ ನಡುವೆ ಒಂದು ಸಣ್ಣ ಕೊಳವೆಯನ್ನು ತೂರಿಸಿದರೆ ಒಳಗಿನ ಗಾಳಿ ಹೊರಟು, ನೀರು ಮತ್ತೆ ಇಳಿಯತೊಡಗುತ್ತದೆ. ಬಾಟಲಿ ಬರಿದಾಗಿದೆ ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆಯೇ ಹೊರತು ಅದರ ತುಂಬ ಗಾಳಿ ಇದ್ದೇ ಇದೆ. ದ್ರವ ಒಳಗೆ ಬರಬೇಕಾದರೆ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಬಲ್ಲ ಈ ವಿಷಯವನ್ನೇ ಹಿಡಿದುಕೊಂಡು ನಾವು ಈ ಲೇಖನದಲ್ಲಿ ಒಂದು ದೊಡ್ಡ ಹಡಗಿನವರೆಗೆ ಹೋಗೋಣ.

ಕಾಸರಗೋಡಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಪಣಂಬೂರಿನಲ್ಲಿ, ನವಮಂಗಳೂರು ಬಂದರು ಇದೆ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ ಈ ಬಂದರನ್ನು 1975ರ ಜನವರಿ 11ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಆರಂಭದಲ್ಲಿ ಇಲ್ಲಿಂದ ಹೊರಟದ್ದು ಮುಖ್ಯವಾಗಿ ಕುದುರೆಮುಖದ ಅದಿರು. 1996ರಲ್ಲಿ ಮಂಗಳೂರಿನ ತೈಲ ಶುದ್ಧೀಕರಣಾಗಾರ ಕೆಲಸ ತೊಡಗಿದ ಮೇಲೆ ಎಣ್ಣೆಯ ಹಡಗುಗಳೇ ಇಲ್ಲಿ ಮುಖ್ಯ ಅತಿಥಿಗಳಾದವು. ಕಚ್ಚಾತೈಲವನ್ನು ತುಂಬಿಕೊಂಡು ಬಂದ ಹಡಗು ಇಲ್ಲಿ ಬರಿದಾಗುತ್ತದೆ. ಪೆಟ್ರೋಲು, ನಾಫ್ತಾ, ವಿಮಾನದ ಇಂಧನ ಮುಂತಾದವನ್ನು ಒಯ್ಯಲು ಬಂದ ಹಡಗು ಇಲ್ಲಿ ತುಂಬಿಕೊಳ್ಳುತ್ತದೆ. ಹೀಗೆ ತುಂಬಿಕೊಳ್ಳುವ ಹಡಗೇ ನಮ್ಮ ಬಾಟಲಿ.

ಆದರೆ ಒಂದು ಭೇದವಿದೆ. ಬಾಟಲಿಯಿಂದ ಹೊರಬಂದದ್ದು ಬರಿಯ ಗಾಳಿ. ಪೆಟ್ರೋಲಿನ ಟ್ಯಾಂಕಿನಿಂದ ಹೊರಬರುವುದು ಪೆಟ್ರೋಲಿನ ಆವಿ ಬೆರೆತ ಅನಿಲ. ಗಂಟೆಗೆ 1000 ಘನಮೀಟರ್ ಪೆಟ್ರೋಲು ಒಳಗೆ ಹೋಗುತ್ತಿದ್ದರೆ ಗಂಟೆಗೆ ಕಡಿಮೆಯೆಂದರೂ ಅಷ್ಟೇ ಅನಿಲ ಹೊರಗೆ ಬರಲೇಬೇಕು. ದ್ರವ ಕಲಕಿದಾಗ ಹೊಸದಾಗಿ ಏಳುವ ಆವಿ ಬೇರೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಬೆರೆತಿದ್ದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಇಂಧನ ಸಾಲದು, ಹೆಚ್ಚಾದರೆ ಆಮ್ಲಜನಕ ಸಾಲದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಗಾಳಿ ಬೀಸದ ದಿನ ಅದು ಹಡಗಿನ ಅಟ್ಟದ ಮೇಲೆಯೇ ಹರಡಿಕೊಂಡಿರುತ್ತದೆ. ಅದರಲ್ಲಿರುವ ಬೆಂಜೀನ್ ಎಂಬ ವಸ್ತು ದಿನವೂ ಉಸಿರಿನೊಂದಿಗೆ ಒಳಸೇರಿದರೆ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಬಹಳ ಕಾಲ ಹಡಗುಗಳು ಈ ಆವಿಯನ್ನು ಎತ್ತರದ ಕೊಳವೆಯ ಮೂಲಕ ಆಕಾಶಕ್ಕೆ ಬಿಟ್ಟುಬಿಡುತ್ತಿದ್ದವು. ಇಂದಿಗೂ ಎಷ್ಟೋ ಕಡೆ ಹಾಗೆಯೇ ನಡೆಯುತ್ತದೆ. ಇದರ ಬದಲು ಆವಿಯನ್ನು ಹೋಸಿನ ಮೂಲಕ ದಡಕ್ಕೆ ಮರಳಿಸಿ, ಅಲ್ಲಿ ತಂಪುಮಾಡಿ ಮತ್ತೆ ದ್ರವವನ್ನಾಗಿಸುವ ಅಥವಾ ಸುರಕ್ಷಿತವಾಗಿ ಉರಿಸಿಬಿಡುವ ಏರ್ಪಾಡು ಬಂತು. ಅಮೆರಿಕದ ಕರಾವಳಿ ಕಾವಲುಪಡೆ 1990ರಲ್ಲಿ ಇದಕ್ಕಾಗಿ ವಿವರವಾದ ನಿಯಮಗಳನ್ನು ಹೊರಡಿಸಿತು. 1992ರಲ್ಲಿ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯೂ ಮಾರ್ಗಸೂಚಿ ಕೊಟ್ಟಿತು. ಹಡಗು ಇಂದು ಮಂಗಳೂರಿನಲ್ಲಿದ್ದರೆ ಮುಂದಿನ ತಿಂಗಳು ಅಮೆರಿಕದ ಟೆಕ್ಸಾಸಿನಲ್ಲಿರಬಹುದು. ಆದುದರಿಂದ ದೇಶದೇಶ ತಿರುಗುವ ಟ್ಯಾಂಕರು ಹಡಗುಗಳಲ್ಲಿ ಈ ನಿಯಮಗಳಿಗೆ ಹೊಂದುವ ಕೊಳವೆ ಬಾಯಿಗಳನ್ನು ಕಾಣಬಹುದು.

ಇದೆಲ್ಲ ನಮ್ಮ ಶಾಲೆಯ ಪತ್ರಿಕೆಯಲ್ಲಿ ಏಕೆ ಎಂದು ಹೆತ್ತವರು ಕೇಳಬಹುದು. ನಮ್ಮ ಜಿಲ್ಲೆಯ ಬೇಕಲ, ಪಾಲಕುನ್ನು, ಕೋಟಿಕುಳಂ ಕಡೆಗಳಲ್ಲಿ ಮರ್ಚೆಂಟ್ ನೇವಿಯ ಹಡಗುಗಳಲ್ಲಿ ದುಡಿಯುವವರಿರುವ ಮನೆಗಳು ಎಷ್ಟೊಂದು! ಹೋಸಿನ ಬಾಯಿಗೆ ಬೋಲ್ಟು ಬಿಗಿಯುವವರು ಕಪ್ತಾನರಲ್ಲ, ಪಂಪ್‌ಮ್ಯಾನು, ಬೋಸನ್, ಖಲಾಸಿ ಮುಂತಾದ ಕೆಲಸಗಾರರು. ಅಂದರೆ ನಮ್ಮ ನಡುವಿನ ಯಾರದೋ ತಂದೆ, ಯಾರದೋ ಅಣ್ಣ, ಯಾರದೋ ಮಾವ.

ಈಗ ಹೋಸಿನ ವಿಚಾರಕ್ಕೆ ಬರೋಣ. ಒತ್ತಡವನ್ನು ಅಳೆಯಲು ನೀರಿನ ಎತ್ತರವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಸುಲಭ. 10 ಮೀಟರ್ ಎತ್ತರದ ನೀರು ತನ್ನ ತಳದ ಪ್ರತಿ ಚದರ ಸೆಂಟಿಮೀಟರಿನ ಮೇಲೆ 1 ಕಿಲೋಗ್ರಾಂ ಭಾರ ಹಾಕುತ್ತದೆ. ಅಡುಗೆಮನೆಯಲ್ಲಿ ರೆಗ್ಯುಲೇಟರು ದಾಟಿ ಒಲೆಗೆ ಹೋಗುವ ಗ್ಯಾಸಿನ ಒತ್ತಡ ಸುಮಾರು 30 ಸೆಂಟಿಮೀಟರ್ ನೀರಿನಷ್ಟು ಮಾತ್ರ, ಒಂದು ಅಡಿಕೋಲಿನ ಉದ್ದ. ಅಮೆರಿಕದ ನಿಯಮದಂತೆ ಹಡಗಿನ ಆವಿ ಹೋಸು ಕೆಲಸದ ವೇಳೆ ಕನಿಷ್ಠ ಮೂರೂವರೆ ಮೀಟರ್ ನೀರಿನಷ್ಟು ಒತ್ತಡವನ್ನು ತಾಳಬೇಕು. ಸುಮಾರು ಹದಿನೇಳೂವರೆ ಮೀಟರ್ ನೀರಿನಷ್ಟು ಒತ್ತಡದವರೆಗೆ ಅದು ಒಡೆಯಬಾರದು. ಎಣ್ಣೆಯನ್ನೇ ಸಾಗಿಸುವ ಹೋಸಿಗಾದರೋ ಕೆಲಸದ ಒತ್ತಡ 105 ಮೀಟರ್, ಒಡೆಯುವ ಮಿತಿ 420 ಮೀಟರ್. ನೋಡಿದಿರಲ್ಲ, ದ್ರವದ ಹೋಸು ಮಲ್ಲ, ಆವಿಯ ಹೋಸು ಅದರ ಮುಂದೆ ಕೂಸು. ಮೆಲ್ಲಗೆ ಹರಿಯುವ ಆವಿಗೆ ಇಷ್ಟು ಸಾಕು ಎಂದೇ ಲೆಕ್ಕ. ಹಾಗಿದ್ದ ಮೇಲೆ ಅದಕ್ಕೆ ಇಷ್ಟೊಂದು ಕಟ್ಟುಪಾಡು ಏಕೆ? ಆವಿ ಹೋಸಿನ ಅಪಾಯ ಬಹುಮಟ್ಟಿಗೆ ಅದು ಒಡೆಯುವುದರಲ್ಲಿಲ್ಲ, ಬೇರೆ ಕಡೆ ಇದೆ. ನಮ್ಮ ಮಟ್ಟಿಗೆ ಈ ನಿಯಮಗಳ ಸ್ವಾರಸ್ಯವೂ ಅಲ್ಲಿಯೇ ಇದೆ.

ಮೊದಲನೆಯದು ಹೀರುವಿಕೆ. ದಡದಲ್ಲಿರುವ ಬ್ಲೋವರು ಆವಿಯನ್ನು ತನ್ನತ್ತ ಎಳೆಯುತ್ತದೆ. ಆಗ ಹೋಸಿನೊಳಗಿನ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಿಮೆಯಾಗಬಹುದು. ಅಡಿಕೆ ತೋಟಕ್ಕೆ ನೀರು ಬಿಡುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪುಸೆಟ್ಟಿನಿಂದ ತೋಟಕ್ಕೆ ಹೋಗುವ ಪೈಪು ನೀರಿಲ್ಲದಾಗ ಹಾಸಿದ ಬಟ್ಟೆಯಂತೆ ಚಪ್ಪಟೆಯಾಗಿ ಬಿದ್ದಿದ್ದರೂ ನಡೆಯುತ್ತದೆ. ಆದರೆ ಕೆರೆಯಿಂದ ಪಂಪಿಗೆ ನೀರೆಳೆಯುವ ಸಕ್ಷನ್ ಪೈಪು ಗಟ್ಟಿಯಾಗಿರಬೇಕು, ಅದರ ಮೈಯಲ್ಲಿ ಸುರುಳಿ ಸುತ್ತಿರಬೇಕು. ಚಪ್ಪಟೆ ಪೈಪನ್ನು ಸಕ್ಷನ್ನಿಗೆ ಹಾಕಿದರೆ ಹೊರಗಿನ ಗಾಳಿಯೇ ಅದನ್ನು ಅಮುಕಿಬಿಡುತ್ತದೆ. ಆವಿ ಹೋಸು ಸುಮಾರು 1.4 ಮೀಟರ್ ನೀರಿನಷ್ಟು ಹೀರುವಿಕೆಯಲ್ಲಿಯೂ ಕುಸಿಯದೆ, ಕಿರಿದಾಗದೆ ಉಳಿಯಬೇಕೆಂದು ನಿಯಮವಿದೆ. ಇಷ್ಟೇನೆ ಎಂದು ಅನಿಸಬಹುದು. ಲೆಕ್ಕ ಹಾಕಿ ನೋಡಿ. 20 ಸೆಂಟಿಮೀಟರ್ ವ್ಯಾಸದ ಹೋಸಿನ ಒಂದು ಮೀಟರ್ ಉದ್ದದ ಹೊರಮೈ ಸುಮಾರು 6280 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 140 ಗ್ರಾಂ. ಒಟ್ಟು ಸುಮಾರು 880 ಕಿಲೋಗ್ರಾಂ! ಇದನ್ನು ತಾಳಲು ಹೋಸಿನ ಪದರಗಳ ನಡುವೆ ಉಕ್ಕಿನ ತಂತಿಯ ಸುರುಳಿಯನ್ನು ಹೂತಿರುತ್ತಾರೆ.

ಕುಸಿಯದಿದ್ದರೂ ಹೋಸು ಮಡಚಿಕೊಂಡರೆ ಫಲ ಅದೇ. ಭರತ ಇಳಿತಗಳಿಂದ ಹಡಗು ಏರಿಳಿಯುತ್ತಿರುತ್ತದೆ. ಬರಿದಾಗುವ ಹಡಗು ಹಲವು ಮೀಟರ್ ಮೇಲೇಳುತ್ತದೆ, ತುಂಬುವ ಹಡಗು ಅಷ್ಟೇ ಕೆಳಗಿಳಿಯುತ್ತದೆ. ಬೆಳಿಗ್ಗೆ ಸರಿಯಾಗಿ ತೂಗುತ್ತಿದ್ದ ಹೋಸು ಸಂಜೆಗೆ ಹಡಗಿನ ಅಂಚಿನ ಮೇಲೆ ಮಡಚಿಕೊಂಡು ಬಿದ್ದಿರಬಹುದು. ಆದ್ದರಿಂದ ಹೋಸನ್ನು ಅಗಲವಾದ ಪಟ್ಟಿಗಳಿಂದ ಎತ್ತಿ ಹಿಡಿದಿರಬೇಕು, ಅದು ಮಡಿಕೆ ಬೀಳದ, ತಿಕ್ಕಾಟಕ್ಕೆ ಸವೆಯದ ಜಾತಿಯದಾಗಿರಬೇಕು ಎಂಬ ನಿಯಮ. ಮಡಚಿಕೊಂಡರೆ ಆಗುವುದೇನು? ಬಾಟಲಿಯ ಬಾಯಿಗೆ ಹಿಟ್ಟು ಮೆತ್ತಿದಂತೆ. ಆದರೆ ಬಾಟಲಿಯಲ್ಲಿ ನೀರು ತಾನೇ ನಿಂತುಹೋಯಿತು. ಇಲ್ಲಿ ಹಿಂದಿನಿಂದ ಪಂಪು ದೂಡುತ್ತಲೇ ಇದೆ. 20 ಮೀಟರ್ ಉದ್ದ, 10 ಮೀಟರ್ ಅಗಲದ ಟ್ಯಾಂಕೊಂದರಲ್ಲಿ ಬರಿಯ ಒಂದು ಮೀಟರ್ ನೀರಿನಷ್ಟು ಒತ್ತಡ ಏರಿದರೂ ಮೇಲಿನ ಉಕ್ಕಿನ ಅಟ್ಟವನ್ನು ಕೆಳಗಿನಿಂದ ನೂಕುವ ಬಲ 200 ಟನ್ನು. ಇದಕ್ಕಾಗಿಯೇ ಹಡಗಿನ ಟ್ಯಾಂಕುಗಳಿಗೆ ಒತ್ತಡ ಮಿತಿಮೀರಿದಾಗ ತಾನಾಗಿ ತೆರೆದುಕೊಳ್ಳುವ ವಾಲ್ವುಗಳಿವೆ. ಅವು ತೆರೆದರೆ ಟ್ಯಾಂಕು ಉಳಿಯುತ್ತದೆ, ಸರಿ. ಆದರೆ ಯಾವ ಆವಿ ಅಟ್ಟದ ಮೇಲೆ ಹರಡಬಾರದೆಂದು ಇಷ್ಟೆಲ್ಲ ಮಾಡಿದೆವೋ ಅದೇ ಅಲ್ಲಿ ಹರಡುತ್ತದೆ.

ಹೋಸಿನ ಒಳಪದರದ ಬಗ್ಗೆಯೂ ಎರಡು ಮಾತು. ನಮ್ಮ ಗುಡ್ಡಗಳ ತೋಟಗಳಲ್ಲಿ ಸಿಗುವ ಸಹಜ ರಬ್ಬರು ಟಯರಿಗೆ ಬಹಳ ಒಳ್ಳೆಯದು, ಪೆಟ್ರೋಲಿಗೆ ಮಾತ್ರ ಆಗಿಬರುವುದಿಲ್ಲ. ಪೆಟ್ರೋಲಿನಲ್ಲಿ ಬಿದ್ದ ಟ್ಯೂಬಿನ ತುಂಡು ಉಬ್ಬಿ ಮೆತ್ತಗಾಗುವುದನ್ನು ವರ್ಕ್‌ಶಾಪಿನವರು ಬಲ್ಲರು. ಇದನ್ನು ಮಕ್ಕಳು ಮನೆಯಲ್ಲಿ ಪರೀಕ್ಷಿಸಲು ಹೋಗಬಾರದು. ಆವಿಯೂ ಹಾಗೆಯೇ ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದ ಒಳಪದರ ಕಿತ್ತು ಬಂದರೆ ಹೊರಗಿನಿಂದ ಹೊಸದರಂತೆ ಕಾಣುವ ಹೋಸು ಒಳಗೆ ಮುಚ್ಚಿಹೋಗಿರುತ್ತದೆ. ಹೀಗಾಗಿ ಎಣ್ಣೆಗೆ ಜಗ್ಗದ ನೈಟ್ರೈಲ್ ಮುಂತಾದ ಕೃತಕ ರಬ್ಬರನ್ನು ಒಳಗೆ ಬಳಸುತ್ತಾರೆ.

ಮುಂದಿನದು ಕಿಡಿಯ ವಿಚಾರ. ಇದನ್ನು ತುಸು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. 1969ರ ಡಿಸೆಂಬರ್ ತಿಂಗಳೊಂದರಲ್ಲಿಯೇ ಮಾರ್ಪೆಸ್ಸಾ, ಮಾಕ್ಟ್ರಾ, ಕಾಂಗ್ ಹಾಕನ್ 7 ಎಂಬ ಮೂರು ಬೃಹತ್ ತೈಲ ಹಡಗುಗಳು ಆಫ್ರಿಕದ ಸಮೀಪದ ಸಮುದ್ರದಲ್ಲಿ ಸ್ಫೋಟಕ್ಕೆ ತುತ್ತಾದವು. ಮೊದಲನೆಯದು ಮುಳುಗಿಯೇ ಹೋಯಿತು. ಮೂರರಲ್ಲಿಯೂ ಬರಿದಾದ ಟ್ಯಾಂಕುಗಳನ್ನು ನೀರಿನ ಜೆಟ್ಟಿನಿಂದ ತೊಳೆಯುತ್ತಿದ್ದರು. ರಭಸದಿಂದ ಚಿಮ್ಮಿದ ನೀರಿನ ತುಂತುರು ಸ್ಥಿರವಿದ್ಯುತ್ತನ್ನು ಹೊತ್ತು, ಆವಿ ತುಂಬಿದ ಟ್ಯಾಂಕಿನಲ್ಲಿ ಕಿಡಿ ಹುಟ್ಟಿಸಿರಬೇಕೆಂಬ ನಿರ್ಣಯಕ್ಕೆ ಪರಿಣತರು ಬಂದರು. ಅಲ್ಲಿಂದ ಮುಂದೆ ದೊಡ್ಡ ಟ್ಯಾಂಕರುಗಳಲ್ಲಿ ಆಮ್ಲಜನಕ ನೂರಕ್ಕೆ 8 ಪಾಲು ಮೀರದಂತೆ ಜಡ ಅನಿಲ ತುಂಬುವ ಪದ್ಧತಿ ಕಡ್ಡಾಯವಾಯಿತು. ಮಂಗಳೂರಿನಲ್ಲಿ ಕಚ್ಚಾತೈಲ ಇಳಿಸುವ ಹಡಗೂ ಎಣ್ಣೆ ತಗ್ಗಿದಂತೆ ತನ್ನ ಟ್ಯಾಂಕಿಗೆ ಇಂಥ ಅನಿಲವನ್ನೇ ತುಂಬಿಕೊಳ್ಳುತ್ತದೆ.

ಶುದ್ಧ ಅನಿಲ ಹರಿಯುವುದರಿಂದ ಸ್ಥಿರವಿದ್ಯುತ್ತು ಹೆಚ್ಚು ಹುಟ್ಟುವುದಿಲ್ಲ. ಆದರೆ ಆವಿಯ ಜೊತೆ ಎಣ್ಣೆಯ ಹನಿಗಳೂ ತುಕ್ಕಿನ ಕಣಗಳೂ ಹಾರಿಬಂದರೆ ಹುಟ್ಟುತ್ತದೆ. ಚಳಿಗಾಲದ ಒಣಹವೆಯಲ್ಲಿ ಟೆರಿಲಿನ್ ಅಂಗಿ ಕಳಚುವಾಗ ಚಟಚಟ ಎನ್ನುವುದೂ ಇದೇ. ಇದು ಹೋಸಿನಲ್ಲಿ ಎಲ್ಲಿಯೂ ಶೇಖರವಾಗದೆ ಹರಿದು ಹೋಗಬೇಕು. ಅದಕ್ಕಾಗಿ ಹೋಸಿನ ಒಂದು ತುದಿಯ ಲೋಹದ ಚಾಚುಪಟ್ಟಿಯಿಂದ, ಅಂದರೆ ಫ್ಲೇಂಜಿನಿಂದ, ಇನ್ನೊಂದು ತುದಿಯ ಫ್ಲೇಂಜಿನವರೆಗೆ ವಿದ್ಯುತ್ತಿಗೆ ದಾರಿ ಇರಬೇಕು, ಅದರ ರೋಧ 10,000 ಓಮ್ ಮೀರಬಾರದು ಎಂದು ನಿಯಮ. ಹತ್ತು ಸಾವಿರ ಓಮ್ ಎಂದರೆ ಬಹಳವಾಯಿತಲ್ಲ ಎಂದು ಹತ್ತನೆಯ ತರಗತಿಯವರು ಕೇಳಬಹುದು. ಟಾರ್ಚಿನ ಬಲ್ಬು ಅಷ್ಟು ರೋಧದ ಮೂಲಕ ಉರಿಯಲಾರದು, ನಿಜ. ಆದರೆ ಸ್ಥಿರವಿದ್ಯುತ್ತಿನ ವೋಲ್ಟೇಜು ಸಾವಿರಗಟ್ಟಲೆ, ಪ್ರಮಾಣ ಮಾತ್ರ ಅತ್ಯಲ್ಪ. ಅದಕ್ಕೆ ಈ ದಾರಿ ಧಾರಾಳ.

ಇಷ್ಟು ಹೇಳಿದ ನಿಯಮವೇ ಮುಂದೆ ಹಡಗಿಗೂ ದಡಕ್ಕೂ ನಡುವೆ ಎಲ್ಲಾದರೂ ಒಂದು ಕಡೆ ವಿದ್ಯುತ್ತು ಹರಿಯದ ಜೋಡಣೆ ಇರಲೇಬೇಕು ಎನ್ನುತ್ತದೆ. ಒಂದು ನಿರೋಧಕ ಫ್ಲೇಂಜು, ಇಲ್ಲವೇ ವಿದ್ಯುತ್ತನ್ನು ಒಯ್ಯದ ಒಂದು ತುಂಡು ಹೋಸು. ಒಮ್ಮೆ ದಾರಿ ಇರಲಿ ಎನ್ನುವುದು, ಮತ್ತೊಮ್ಮೆ ಬೇಡ ಎನ್ನುವುದು, ಇದೇನು ವಿರೋಧಾಭಾಸ? ಕಾರಣ ಬೇರೆ. ಉಪ್ಪುನೀರಿನಲ್ಲಿ ನಿಂತ ಹಡಗಿನ ಉಕ್ಕು ಒಂದು, ಜೆಟ್ಟಿಯ ಉಕ್ಕು ಇನ್ನೊಂದು. ತುಕ್ಕು ತಡೆಯಲೆಂದು ಅವುಗಳಿಗೆ ಮಾಡಿದ ವಿದ್ಯುತ್ ಏರ್ಪಾಡುಗಳೂ ಬೇರೆ ಬೇರೆ. ಎರಡೂ ಸೇರಿ ಒಂದು ದೊಡ್ಡ ವಿದ್ಯುತ್ಕೋಶದಂತೆ ವರ್ತಿಸುತ್ತವೆ. ಒಳ್ಳೆಯ ವಾಹಕದಿಂದ ಅವನ್ನು ಜೋಡಿಸಿದರೆ ಕಡಿಮೆ ವೋಲ್ಟೇಜಿನಲ್ಲಿಯೂ ಭಾರೀ ಪ್ರವಾಹ ಹರಿಯಬಹುದು. ದೀಪ ಹೊತ್ತಿಸಿಟ್ಟಿರುವಾಗಲೇ ಜೀಪಿನ ಬ್ಯಾಟರಿಯ ತಂತಿ ಕಳಚಿದರೆ ಚಟ್ಟನೆ ಕಿಡಿ ಹಾರುವುದಲ್ಲವೆ? ಹೋಸಿನ ಫ್ಲೇಂಜು ಕಳಚುವಾಗಲೂ ಹಾಗೆಯೇ ಆಗಬಹುದು, ಅದೂ ಆವಿ ಹೊರಬೀಳುವ ಆ ಬಾಯಿಯಲ್ಲಿಯೇ. ಆದ್ದರಿಂದ ನಿರೋಧಕದ ಈಚೆಗಿರುವ ಸ್ಥಿರವಿದ್ಯುತ್ತು ದಡಕ್ಕೆ, ಆಚೆಗಿರುವುದು ಹಡಗಿನ ಮೂಲಕ ಸಮುದ್ರಕ್ಕೆ. ನಡುವೆ ಪ್ರವಾಹಕ್ಕೆ ಸೇತುವೆ ಇಲ್ಲ. ಎರಡು ಬಗೆಯ ವಿದ್ಯುತ್ತಿಗೆ ಎರಡು ಬಗೆಯ ಉಪಾಯ.

ಇನ್ನು ಉಳಿದದ್ದು ಮನುಷ್ಯನ ಕೈ. ಜೆಟ್ಟಿಯಲ್ಲಿ ಒಂದರ ಪಕ್ಕ ಒಂದು ಕೊಳವೆ ಬಾಯಿಗಳಿರುತ್ತವೆ, ನೋಡಲು ಎಲ್ಲವೂ ಒಂದೇ. ನಡುರಾತ್ರಿ, ಜಡಿಮಳೆ, ಎಂಟು ಗಂಟೆಯ ದುಡಿತದಿಂದ ದಣಿದ ಕೈ. ದ್ರವದ ಹೋಸನ್ನು ಆವಿಯ ಬಾಯಿಗೆ ಸಿಕ್ಕಿಸಿಬಿಟ್ಟರೆ ಎಣ್ಣೆ ಆವಿಯ ಕೊಳವೆಗಳಿಗೆ ನುಗ್ಗುತ್ತದೆ. ಇದನ್ನು ತಡೆಯುವ ಉಪಾಯ ಎಷ್ಟು ಸರಳ ನೋಡಿ. ಆವಿಯ ಕೊಳವೆ ಬಾಯಿಯ ಫ್ಲೇಂಜಿನಲ್ಲಿ, ಗಡಿಯಾರದ ಹನ್ನೆರಡರ ಜಾಗದಲ್ಲಿ, ಎರಡು ಬೋಲ್ಟು ತೂತುಗಳ ನಡುವೆ ಅರ್ಧ ಇಂಚು ದಪ್ಪದ, ಕನಿಷ್ಠ ಒಂದು ಇಂಚು ಉದ್ದದ ಕಬ್ಬಿಣದ ಮೊಳೆಯೊಂದನ್ನು ಖಾಯಂ ಆಗಿ ನೆಟ್ಟಿರುತ್ತಾರೆ. ಆವಿ ಹೋಸಿನ ಫ್ಲೇಂಜಿನಲ್ಲಿ ಆ ಮೊಳೆ ಹೋಗಲು ಬೇರೊಂದು ತೂತು ಇರುತ್ತದೆ. ದ್ರವದ ಹೋಸಿನಲ್ಲಿ ಆ ತೂತು ಇಲ್ಲ. ಎಷ್ಟು ಹೆಣಗಿದರೂ ಅದು ಕೂರುವುದಿಲ್ಲ.

ಆದರೆ ಜಾಣ ವಿದ್ಯಾರ್ಥಿಗಳು ಇಲ್ಲೊಂದು ಕೊರತೆಯನ್ನು ಹಿಡಿಯಬಹುದು. ತೂತಿರುವ ಆವಿ ಹೋಸನ್ನು ಮೊಳೆಯಿಲ್ಲದ ದ್ರವದ ಬಾಯಿಗೆ ಸಿಕ್ಕಿಸಿದರೆ? ತಡೆಯುವ ಮೊಳೆ ಅಲ್ಲಿಲ್ಲ. ಮೇಲೆ ಹೇಳಿದ ಅಂಕಿಗಳನ್ನು ಮತ್ತೆ ನೋಡಿ: 105 ಮೀಟರಿನಷ್ಟು ಒತ್ತಡ ಬರಬಹುದಾದ ಜಾಗಕ್ಕೆ ಹದಿನೇಳೂವರೆ ಮೀಟರಿಗಷ್ಟೇ ಹೊಣೆಯಾದ ಹೋಸು. ಇಲ್ಲಿ ಕಾವಲಿರುವುದು ಬಣ್ಣ ಮಾತ್ರ. ಆವಿ ಹೋಸಿನ ಎರಡೂ ತುದಿಗಳ ಕೊನೆಯ ಒಂದು ಮೀಟರಿನಲ್ಲಿ 10 ಸೆಂಟಿಮೀಟರ್ ಕೆಂಪು, 80 ಸೆಂಟಿಮೀಟರ್ ಹಳದಿ, ಮತ್ತೆ 10 ಸೆಂಟಿಮೀಟರ್ ಕೆಂಪು ಬಳಿದು, ಹಳದಿಯ ಮೇಲೆ ‘ವೇಪರ್’ ಎಂದು ಇಂಗ್ಲಿಷಿನಲ್ಲಿ ಎರಡು ಇಂಚು ಎತ್ತರದ ಕಪ್ಪು ಅಕ್ಷರಗಳಲ್ಲಿ ಬರೆದಿರಬೇಕು. ಉಪ್ಪುಗಾಳಿಗೆ ಈ ಬಣ್ಣ ಮಾಸಿದ್ದರೆ ಹೊಸದಾಗಿ ಬಳಿಯುವುದು ಬರಿಯ ಅಲಂಕಾರವಲ್ಲವೆಂದು ಹಡಗಿನಲ್ಲಿರುವ ನಮ್ಮವರಿಗೆ ಮಕ್ಕಳೇ ಪತ್ರದಲ್ಲಿಯೋ ಫೋನಿನಲ್ಲಿಯೋ ಹೇಳಬಹುದು. ಕೆಲಸಕ್ಕೆ ಮೊದಲು ಹೋಸಿನಲ್ಲಿ ಉಬ್ಬು, ಮೆತ್ತಗಾದ ಜಾಗ, ಸಡಿಲ ಹೊದಿಕೆ, ಒಳಗಿನ ಹುರಿ ಕಾಣುವಷ್ಟು ಆಳದ ಗೀರು ಇವೆಯೇ ಎಂದು ಕಣ್ಣಿನಿಂದ ನೋಡುವುದೂ ನಿಯಮಗಳಲ್ಲಿ ಸೇರಿದೆ.

ಈ ಅಂಕಿಗಳೆಲ್ಲ ಪೆಟ್ರೋಲು, ಕಚ್ಚಾತೈಲ ಮುಂತಾದವುಗಳ ಆವಿಗೆ ಸಂಬಂಧಿಸಿದವು. ಅಡುಗೆ ಅನಿಲದ ಲೆಕ್ಕವೇ ಬೇರೆ. ಒತ್ತಡದಲ್ಲಿ ದ್ರವವಾಗಿರುವ ಅದಕ್ಕೆ ಬಹಳ ಬಲವಾದ ಹೋಸುಗಳು ಬೇಕು. ಆದರೆ ತತ್ತ್ವ ಒಂದೇ. ಮಂಗಳೂರಿನಿಂದ ಹೊರಟು ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆಗಳ ಮೂಲಕ ಹೆದ್ದಾರಿ 66ರಲ್ಲಿ ದಿನವೂ ಸಾಗುವ ಬುಲೆಟ್ ಟ್ಯಾಂಕರುಗಳಿಗೆ ದ್ರವದ ಬಾಯಿ ಬೇರೆ, ಆವಿಯ ಬಾಯಿ ಬೇರೆ. ಸಿಲಿಂಡರು ತುಂಬುವ ಸ್ಥಾವರದಲ್ಲಿ ಟ್ಯಾಂಕರನ್ನು ಬರಿದುಮಾಡುವಾಗ ಅಲ್ಲಿನ ಸಂಗ್ರಹ ಟ್ಯಾಂಕಿನ ಆವಿಯನ್ನು ಕಂಪ್ರೆಸರಿನಿಂದ ಎಳೆದು ಲಾರಿಯ ಟ್ಯಾಂಕಿನ ಮೇಲ್ಭಾಗಕ್ಕೆ ಒತ್ತುತ್ತಾರೆ. ಆ ಒತ್ತಡಕ್ಕೆ ದ್ರವ ಕೆಳಗಿನ ಹೋಸಿನಿಂದ ಸ್ಥಾವರಕ್ಕೆ ಹರಿಯುತ್ತದೆ. ಹೊರಗಿನ ಗಾಳಿಗೆ ಇಲ್ಲಿ ಪ್ರವೇಶವೇ ಇಲ್ಲ. ಕಟ್ಟು ಮೀರಿದ ಅನಿಲ ಏನು ಮಾಡೀತೆಂಬುದನ್ನು 2012ರ ಆಗಸ್ಟ್ 27ರ ರಾತ್ರಿ ಕಣ್ಣೂರು ಬಳಿಯ ಚಾಲದಲ್ಲಿಯೂ 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿಯೂ ಜನರು ಕಂಡರು. ಎರಡೂ ಕಡೆ ಉರುಳಿದ ಟ್ಯಾಂಕರಿನಿಂದ ಸೋರಿದ ಅನಿಲ ಹೊತ್ತಿಕೊಂಡು ರಸ್ತೆ ಬದಿಯ ಮನೆಗಳನ್ನೂ ಸುಟ್ಟಿತು, ಹಲವರ ಪ್ರಾಣ ತೆಗೆಯಿತು. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೀರಿನಂತೆ ತಗ್ಗಿನತ್ತ ಹರಿದು, ದೂರದ ಒಲೆಯ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ.

ನಮ್ಮೆಲ್ಲರ ಮನೆಯಲ್ಲಿಯೂ ಒಂದು ಅನಿಲದ ಹೋಸು ಇದೆ. ಕಿತ್ತಳೆ ಬಣ್ಣದ, ಒಳಗೆ ಉಕ್ಕಿನ ತಂತಿ ಹೆಣೆದ ‘ಸುರಕ್ಷಾ’ ಪೈಪು ಅದು. ಅದರ ಮೇಲೆ ಐಎಸ್‌ಐ ಗುರುತು ಇರಬೇಕು. ಇದರ ಆಯುಸ್ಸು 5 ವರ್ಷ. ತಯಾರಾದ ವರ್ಷವನ್ನು ಅಥವಾ ಅವಧಿ ಮುಗಿಯುವ ವರ್ಷವನ್ನು ಪೈಪಿನ ಮೈಮೇಲೆಯೇ ಅಚ್ಚುಮಾಡಿರುತ್ತಾರೆ; ಎಣ್ಣೆಜಿಡ್ಡು ಮೆತ್ತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದಾಗ ಕಾಣುತ್ತದೆ. ಪೈಪಿನ ಮೇಲೆ ಬಟ್ಟೆಯ ಕವಚ ಹೊಲಿದು ಹಾಕುವ ಅಭ್ಯಾಸ ಕೆಲವೆಡೆ ಇದೆ. ಅದರಿಂದ ಇಲಿ ಕಡಿದದ್ದೂ ಬಿರುಕು ಬಿಟ್ಟದ್ದೂ ಕಾಣುವುದಿಲ್ಲ. ಎರಡು ತುಂಡುಗಳನ್ನು ಜೋಡಿಸಿ ಉದ್ದಮಾಡುವುದು, ಒಂದೇ ಪೈಪಿನಿಂದ ಕವಲು ತೆಗೆದು ಎರಡು ಒಲೆಗೆ ಕೊಡುವುದು ಎರಡೂ ಸಲ್ಲ. ಸೋರಿಕೆಯ ಸಂಶಯವಿದ್ದರೆ ಸಾಬೂನು ನೀರನ್ನು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕೇ ಹೊರತು ಕಡ್ಡಿ ಗೀರಿ ನೋಡಬಾರದು. ವಾಸನೆ ಬಂದರೆ ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಲೈಟಿನ ಸ್ವಿಚ್ಚನ್ನು ಹಾಕುವುದನ್ನೂ ಆರಿಸುವುದನ್ನೂ ಬಿಟ್ಟು ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಆ ವಾಸನೆ ಅನಿಲದ್ದಲ್ಲ. ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿದಾಗ ತಿಳಿಯಲೆಂದು ಈಥೈಲ್ ಮರ್ಕಾಪ್ಟನ್ ಎಂಬ ದುರ್ನಾತದ ವಸ್ತುವನ್ನು ಬೇಕೆಂದೇ ಬೆರೆಸಿರುತ್ತಾರೆ.